ಗಾಡಿಯ ಆರನೇ ಹಲಗೆ

ಮೊದಲೇ ಹೇಳಿಬಿಡುತ್ತೇನೆ, ಈ ಬರಹದಲ್ಲಿ ನಾನು ಒಳ್ಳೆಯವನಲ್ಲ. ನಮ್ಮ ಬಳಗದಲ್ಲಿ ಆ ಗಾಡಿಯ ಸುದ್ದಿ ಇಂದಿಗೂ ಒಂದು ತಮಾಷೆ. ಮದುವೆ ಮನೆಯಲ್ಲಿ ಊಟವಾಗಿ ಎಲೆ ಅಡಿಕೆ ಹಾಕುವ ಹೊತ್ತಿಗೆ ಯಾರಾದರೊಬ್ಬರು ‘ಆ ಮನಿ ಗಾಡಿ ಕಥಿ ಹೇಳ್ರಿ’ ಎಂದು ನನ್ನನ್ನೇ ಕೇಳುತ್ತಾರೆ. ನಗಿಸುವ ಅರ್ಧವನ್ನಷ್ಟೇ ಹೇಳಿ ಎದ್ದುಬಿಡುತ್ತೇನೆ. ಉಳಿದ ಅರ್ಧ ಇಲ್ಲಿದೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಮನೆ ಬೆಳಗಾವಿಯ ಅನಗೋಳದಲ್ಲಿ, ಅಣ್ಣನ ಶೆಡ್ಡು ಖಾನಾಪುರದಲ್ಲಿ. ಲಾರಿಗಳಿಗೆ ಕಟ್ಟಿಗೆಯ ಬಾಡಿ ಕಟ್ಟುವುದು ಅವನ ಕೆಲಸ. ಲೋಂಡಾ ಕಡೆಯಿಂದ ಕಟ್ಟಿಗೆ ಸಲೀಸಾಗಿ ಸಿಗುತ್ತಿತ್ತು ಅಂತ ಅಲ್ಲಿ ಶೆಡ್ಡು ಹಾಕಿದ್ದ. ಬೆಳಗಿನ ರೈಲಿಗೆ ಹೋಗಿ ಸಂಜೆ ಮೈತುಂಬ ಹೊಟ್ಟು ಮೆತ್ತಿಕೊಂಡು ಬರುತ್ತಿದ್ದ. ನಾನು ಬೆಳಗಾವಿಯಲ್ಲೇ ಒಂದು ಕಚೇರಿಯಲ್ಲಿ ಕಾರಕೂನ, ವಯಸ್ಸು ಇಪ್ಪತ್ತೈದು, ಮದುವೆ ಇಲ್ಲ, ಬುದ್ಧಿಯೂ ಅಷ್ಟಕ್ಕಷ್ಟೇ.

ಒಂದು ದಿನ ಗೋವಾಕ್ಕೆ ಹೊರಟಿದ್ದ ಬಿಳಿಯ ಗಂಡಹೆಂಡತಿ ಇಬ್ಬರ ಗಾಡಿಯ ಪಾಟಾ, ಅಂದರೆ ಸ್ಪ್ರಿಂಗಿನ ಪಟ್ಟಿ, ಖಾನಾಪುರದ ಹತ್ತಿರ ಮುರಿಯಿತು. ಹೊಸ ಪಾಟಾ ಬರುವವರೆಗೆ ಎರಡು ದಿನ ಅವರು ಅಣ್ಣನ ಶೆಡ್ಡಿನ ಅಂಗಳದಲ್ಲೇ ಇದ್ದರು. ಹೋಟೆಲ್ಲು ಕೇಳಲಿಲ್ಲ, ಲಾಡ್ಜು ಕೇಳಲಿಲ್ಲ. ಗಾಡಿಯೊಳಗೇ ಅಡುಗೆ, ಗಾಡಿಯೊಳಗೇ ನಿದ್ದೆ. ಅಣ್ಣ ಆ ಎರಡು ದಿನ ಕೆಲಸ ಬಿಟ್ಟು ಆ ಗಾಡಿಯ ಸುತ್ತಲೇ ಸುಳಿದಾಡಿದ್ದಾನೆ. ಸಂಜೆ ಮನೆಗೆ ಬಂದವನು ಕಾಲು ತೊಳೆಯುವ ಮೊದಲೇ ಸುಣ್ಣದ ಕಡ್ಡಿ ತೆಗೆದುಕೊಂಡು ಅಡುಗೆಮನೆಯ ನೆಲದ ಮೇಲೆ ಅದರ ನಕ್ಷೆ ಬರೆದ.

ಅತ್ತೆ ರೊಟ್ಟಿ ಬಡಿಯುತ್ತಿದ್ದಳು. ಅತ್ತೆ ಎಂದರೆ ನಮ್ಮ ಅಪ್ಪನ ತಂಗಿ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದವಳು, ಅವ್ವ ತೀರಿಕೊಂಡ ಮೇಲೆ ಅಣ್ಣನನ್ನೂ ನನ್ನನ್ನೂ ಸಾಕಿದವಳು. ರೊಟ್ಟಿ ಬಡಿಯುವ ಕೈ ನಿಲ್ಲಿಸಿ ನಕ್ಷೆ ನೋಡಿದಳು.

“ಒಳಗ ಒಲಿ ಐತಿ ಅಂದಿ?”

“ಐತಿ. ಎರಡ ಉರಿ ಸ್ಟೋವ್,” ಅಂದ ಅಣ್ಣ.

“ನೀರ?”

“ಟಾಕಿ ಐತಿ. ನಳ ತಿರುವಿದರ ಬರತೈತಿ.”

“ಕುಂದರಾಕ ಜಾಗಾ?”

“ಕುಂದರಾಕ, ಮಲಗಾಕ, ಎಲ್ಲಾ ಐತಿ ಅತ್ತಿ. ಮನಿನ ಅದು. ಗಾಲಿ ಅದಾವ, ಅಷ್ಟ.”

“ಹಂಗಂದ್ರ ಅದರಾಗ ಪೂಜಿ ಮಾಡಿಕೋಬಹುದು,” ಅಂದಳು ಅತ್ತೆ. ಅಂದು ತವೆಯ ಮೇಲಿನ ರೊಟ್ಟಿ ಹೊತ್ತಿಸಿಕೊಂಡಳು. ಅವಳ ಕೈಯಲ್ಲಿ ರೊಟ್ಟಿ ಹೊತ್ತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆ ಒಂದು ಮಾತು ಅವಳಿಗೆ ಎಷ್ಟು ದೊಡ್ಡದಾಗಿತ್ತು ಎಂದು ತಿಳಿಯಲು ಅವಳ ನೇಮ ಹೇಳಬೇಕು. ಬೆಳಿಗ್ಗೆ ಸ್ನಾನ ಮಾಡಿ, ಕೊರಳಿನ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡುವವರೆಗೆ ಅವಳು ಒಂದು ಗುಟುಕು ನೀರು ಕುಡಿಯುತ್ತಿರಲಿಲ್ಲ. ಮಿಂದು ಮಾಡಿದ ಅಡುಗೆಯನ್ನಷ್ಟೇ ಉಣ್ಣುತ್ತಿದ್ದಳು, ಅದೂ ತನ್ನ ಮನೆಯ ಒಲೆಯದ್ದು. ನೆಂಟರ ಮದುವೆಗೆ ಹೋದರೂ ಬುತ್ತಿ ಕಟ್ಟಿಕೊಂಡು ಹೋಗಿ ಸಂಜೆಯೊಳಗೆ ಮನೆ ಸೇರುತ್ತಿದ್ದಳು. ಹೀಗಾಗಿ ಇಪ್ಪತ್ತು ವರ್ಷ ಅವಳು ಬೇರೆಲ್ಲೂ ಒಂದು ರಾತ್ರಿ ಕಳೆದಿರಲಿಲ್ಲ. ನಾವು ಹುಡುಗರು ಅದಕ್ಕೆ ನಗುತ್ತಿದ್ದೆವು, ಅವಳೂ ನಗುತ್ತಿದ್ದಳು.

ಅವಳಿಗೆ ಒಂದೇ ಆಸೆಯಿತ್ತು. ಅವಳು ಹುಟ್ಟಿದ ಊರು ಖಾನಾಪುರದಿಂದ ಕೆಳಗೆ ಮಲಪ್ರಭೆಯ ದಂಡೆಯ ಮೇಲಿದೆ. ಆ ಹೊಳೆಯಲ್ಲಿ ಈಜು ಕಲಿತವಳು, ಆ ಹೊಳೆಯ ನೀರಿನಿಂದಲೇ ಮೊದಲ ಪೂಜೆ ಮಾಡಿಕೊಂಡವಳು. ಅದು ಹುಟ್ಟುವುದು ಪಶ್ಚಿಮದ ಗುಡ್ಡಗಳಲ್ಲಿ, ಕಣಕುಂಬಿಯಲ್ಲಿ. ಅದನ್ನೊಮ್ಮೆ ನೋಡಬೇಕು ಎನ್ನುತ್ತಿದ್ದಳು. ದೂರವೇನಲ್ಲ, ಆದರೆ ಆಗ ಅಲ್ಲಿಗಿದ್ದದ್ದು ಒಂದೇ ವಸ್ತಿ ಬಸ್ಸು. ಸಂಜೆ ಹೋಗಿ, ರಾತ್ರಿ ಅಲ್ಲೇ ನಿಂತು, ಬೆಳಿಗ್ಗೆ ತಿರುಗಿ ಬರುತ್ತಿತ್ತು. ಆ ಒಂದು ರಾತ್ರಿ ಎಲ್ಲಿ ಇರುವುದು, ಬೆಳಗಿನ ಸ್ನಾನ ಪೂಜೆ ಎಲ್ಲಿ ಮಾಡುವುದು ಎಂಬಲ್ಲಿಗೆ ಮಾತು ನಿಲ್ಲುತ್ತಿತ್ತು. ಈಗ ಅಣ್ಣ ನೆಲದ ಮೇಲೆ ಬರೆದಿದ್ದು ಅದಕ್ಕೆ ಉತ್ತರವಾಗಿತ್ತು.

ಅಣ್ಣ ಹಿಡಿದ ಹಟ ಬಿಡುವವನಲ್ಲ. ಬೆಳಗಾವಿಯ ಕ್ಯಾಂಪಿನಲ್ಲಿ ಹಳೆಯ ಮಿಲಿಟರಿ ವಾಹನಗಳ ಹರಾಜಾದಾಗ ಒಂದು ಎತ್ತರದ ಹಸಿರು ವ್ಯಾನು ತಂದ. ತರುವಾಗ ನಾನೂ ಜೊತೆಗಿದ್ದೆ. ಅದು ವೈರ್‌ಲೆಸ್ ಗಾಡಿ, ಒಳಗೆ ಯಂತ್ರಗಳಿದ್ದವು, ಮಾಡಿನಲ್ಲಿರುವ ಕಬ್ಬಿಣದ ಕೊಕ್ಕೆಗಳಿಗೆ ತಂತಿಯ ಸುರುಳಿ ತೂಗುಹಾಕುತ್ತಿದ್ದರು ಎಂದು ಅಲ್ಲಿನ ಹವಾಲ್ದಾರ ಹೇಳಿದ್ದನ್ನು ನಾವಿಬ್ಬರೂ ಕೇಳಿದೆವು. ಮನೆಯಲ್ಲಿ ಯಾರೂ ಅದನ್ನು ಕೇಳಲಿಲ್ಲ, ಅಣ್ಣನೂ ಹೇಳಲಿಲ್ಲ. ಮಿಲಿಟರಿ ಗಾಡಿ ಎಂದರೆ ಸಾಕಾಗಿತ್ತು.

ಮಳೆಗಾಲ ಪೂರ್ತಿ ಕೆಲಸ ನಡೆಯಿತು. ದೀಪಾವಳಿ ಮುಗಿದು ರಸ್ತೆ ಒಣಗಿದ ಮೇಲೆ ಮಕ್ಕಳ ಸಾಲಿ ರಜೆಯಲ್ಲೇ ಹೊರಡುವುದೆಂದು ಗೊತ್ತಾಯಿತು. ಅಣ್ಣ ಬಡಿಗ, ನಾನು ಯೋಜನಾ ಮಂತ್ರಿ. ಒಂದು ಉದ್ದನೆಯ ವಹಿ ಹಿಡಿದುಕೊಂಡು ನಾನು ಎಲ್ಲ ಬರೆಯುತ್ತಿದ್ದೆ. ಎಲ್ಲಿ ನಿಲ್ಲುವುದು, ಎಷ್ಟು ನೀರು, ಎಷ್ಟು ಸೀಮೆಎಣ್ಣೆ, ಟಾರ್ಚಿನ ಸೆಲ್ಲು, ಹಾವು ಬಂದರೆ ಏನು ಮಾಡುವುದು. ಅಣ್ಣನಿಗೆ ಆಂಬೋಲಿಗೆ ಹೋಗುವ ಮನಸ್ಸು, ನನಗೆ ಚೋರ್ಲಾ ಘಾಟು. ನಾವಿಬ್ಬರೂ ಜಗಳಾಡುವಾಗ ಅತ್ತೆ, “ಕಣಕುಂಬಿ ದಾರ್ಯಾಗ ಬರತೈತೇನು?” ಅಂತ ಕೇಳುತ್ತಿದ್ದಳು. ಚೋರ್ಲಾ ದಾರಿಯಲ್ಲಿ ಬರುತ್ತಿತ್ತು. ಹೀಗೆ ಚೋರ್ಲಾ ಗೆದ್ದಿತು. ಅಣ್ಣನ ಹೆಂಡತಿಯನ್ನು ನಾವು ವೈನಿ ಅನ್ನುತ್ತಿದ್ದೆವು. ಅವಳೊಬ್ಬಳೇ ಮೂಗು ಮುರಿದಳು. “ಮನ್ಯಾಗ ಮಾಡಿದ್ದು ಸಾಲದಂತ ಗಾಲಿ ಮ್ಯಾಲ ಕುಂತೂ ಅಡಗಿ ಮಾಡೂದಾ?” ಅನ್ನುತ್ತಿದ್ದಳು. ಆದರೂ ಗಾಡಿಯ ಕಿಟಕಿಗೆ ಪರದೆ ಹೊಲಿದವಳು ಅವಳೇ.

ಅತ್ತೆ ಒಂದು ಸಮಸ್ಯೆ ತೆಗೆದಳು. ಪೂಜೆಗೆ ಅವಳು ಮೂಡಣಕ್ಕೇ ಮುಖ ಮಾಡಿ ಕೂರುವವಳು. ಗಾಡಿ ಇಂಥ ಕಡೆಗೇ ನಿಲ್ಲುತ್ತದೆ ಎಂದು ಯಾರು ಹೇಳಬೇಕು? ಅಣ್ಣ ಎರಡು ದಿನ ತಲೆ ಕೆರೆದುಕೊಂಡು, ಅವಳು ಮಲಗುವ ಹಲಗೆಯನ್ನು ಗೋಡೆಗೆ ಹಚ್ಚದೆ ನಟ್ಟನಡುವೆ ಕೂಡಿಸಿದ. ಹಗಲು ಅದರ ಮೇಲೆ ಯಾವ ದಿಕ್ಕಿಗಾದರೂ ಮುಖ ಮಾಡಿ ಕೂರಬಹುದು, ರಾತ್ರಿ ಮಲಗಬಹುದು. ಅಣ್ಣ, ವೈನಿ, ಅವರ ಮಗಳು, ಮಗ, ನಾನು, ಅತ್ತೆ, ಒಟ್ಟು ಆರು ಜನಕ್ಕೆ ಆರು ಹಲಗೆ. ಐದು ಹಲಗೆ ಕಾಡುಕಟ್ಟಿಗೆಯವು. ಆರನೆಯದು, ಅತ್ತೆಯದು, ಸಾಗವಾನಿ. ಅದನ್ನು ಅಣ್ಣ ತಾನೇ ಕೂತು ಉಜ್ಜಿ ನುಣ್ಣಗೆ ಮಾಡಿದ್ದ.

ಇಷ್ಟರೊಳಗೆ ನಾನು ಬಾಲ ಬಿಚ್ಚಿದ್ದೆ. ಕಚೇರಿಯಲ್ಲಿ ನನ್ನ ಬಾಜೂಕೆ ಕೂರುತ್ತಿದ್ದ ಒಬ್ಬ ಮರಾಠಿ ಗೆಳೆಯನಿದ್ದ. ಅವನ ಹತ್ತಿರ ಕ್ಯಾಮೆರಾ ಇತ್ತು. ಗುಡ್ಡ ಹತ್ತಿದ ಕಥೆ, ಕೋಟೆ ಹತ್ತಿದ ಕಥೆ ಹೇಳಿ ಇಡೀ ಕಚೇರಿಯನ್ನು ಬಾಯಿ ತೆರೆದು ಕೂರುವಂತೆ ಮಾಡುತ್ತಿದ್ದ. ಅವನ ಮುಂದೆ ಒಂದು ಸಲವಾದರೂ ದೊಡ್ಡವನಾಗಬೇಕೆಂದು ನಾನು ನಮ್ಮ ಗಾಡಿಯ ಬಗ್ಗೆ ಕೊಚ್ಚಿಕೊಂಡೆ. ಅವನು ಕಣ್ಣರಳಿಸಿದ. ನೀನೂ ಬಾ ಎಂದುಬಿಟ್ಟೆ. ಮನೆಯಲ್ಲಿ ಒಂದು ಮಾತು ಕೇಳಿರಲಿಲ್ಲ.

“ಯಾರ್ಯಾರ ಬರ್ತೀರಿ?” ಅಂತ ಕೇಳಿದ. ಹೇಳಿದೆ. “ಅತ್ತಿ ಬರ್ತಾರ? ಅಂದ್ರ ಆಮ್ಲೆಟ್ ಗೇಲಾ, ಹೋತಂತ ತಿಳಿ,” ಎಂದು ನಕ್ಕ. ನಾನೂ ನಕ್ಕೆ. ಆಮೇಲೆ ಯೋಚನೆಗೆ ಬಿದ್ದೆ. ಗುಡ್ಡದ ತುದಿಯಲ್ಲಿ ಬೆಳಗಾಗೆದ್ದು ಚಹಾ ಕುಡಿಯಲು ಅತ್ತೆಯ ಪೂಜೆ ಮುಗಿಯಬೇಕು. ತತ್ತಿ ಇಲ್ಲ, ಸಿಗರೇಟು ಇಲ್ಲ. ಅದೆಲ್ಲ ಹೋಗಲಿ ಎಂದರೂ ಹಲಗೆ ಆರೇ. ಏಳು ಜನ ಆಗುವುದಿಲ್ಲ. ಗೆಳೆಯನಿಗೆ ಬೇಡ ಎಂದರೆ ಕಚೇರಿಯಲ್ಲಿ ಮುಖ ಎತ್ತುವಂತಿಲ್ಲ. ಅಣ್ಣನಿಗೆ ಕೇಳಿದರೆ ಉತ್ತರ ಗೊತ್ತಿತ್ತು.

ಹೊರಡಲು ಎಂಟು ದಿನವಿದ್ದಾಗ, ಒಂದು ಭಾನುವಾರ, ಅಣ್ಣ ಅತ್ತೆಗೆ ಗಾಡಿ ತೋರಿಸಲು ಖಾನಾಪುರಕ್ಕೆ ಕರೆದುಕೊಂಡು ಹೋದ. ನಾನೂ ಹೋಗಿದ್ದೆ. ಅತ್ತೆ ಬುತ್ತಿಯ ಜೊತೆಗೆ ಪೂಜೆಯ ಚೀಲವನ್ನೂ ತಂದಿದ್ದಳು. ವಿಭೂತಿಯ ಡಬ್ಬಿ, ಪತ್ರಿ, ಒಂದು ಸಣ್ಣ ತಂಬಿಗೆ, ಎಲ್ಲ ಅದರಲ್ಲಿ. ಯಾಕೆ ತಂದೆ ಎಂದರೆ, ಎಲ್ಲಿ ಇಡಬೇಕೆಂದು ನೋಡಿಕೊಳ್ಳುತ್ತೇನೆ ಅಂದಳು. ಅಣ್ಣ ಅವಳನ್ನು ಕೈ ಹಿಡಿದು ಹತ್ತಿಸಿ, ಅವಳ ಹಲಗೆಯ ಮೇಲೆ ಕೂರಿಸಿ, ಯಾರೋ ಕರೆದರೆಂದು ಶೆಡ್ಡಿನ ಹಿಂದೆ ಹೋದ. ಗಾಡಿಯಲ್ಲಿ ನಾನೂ ಅತ್ತೆಯೂ ಇಬ್ಬರೇ ಉಳಿದೆವು.

ಅತ್ತೆ ಹಲಗೆಯನ್ನು ಸವರಿದಳು. ನಾಲ್ಕೂ ದಿಕ್ಕಿಗೆ ತಿರುಗಿ ತಿರುಗಿ ಕೂತು ನೋಡಿದಳು. ಆಮೇಲೆ ಎದ್ದು, ಮಾಡಿನ ಒಂದು ಕೊಕ್ಕೆಗೆ ಚೀಲ ತೂಗುಹಾಕಿ, ಎರಡು ಹೆಜ್ಜೆ ಹಿಂದೆ ಸರಿದು ನಿಂತಳು.

“ಇದ ಛಲೋ ಆತು. ನೆಲಕ್ಕ ಹತ್ತೂದಿಲ್ಲ,” ಅಂದಳು. “ಇಷ್ಟ ಕೊಕ್ಕಿ ಯಾತಕ್ಕೋ ಇಲ್ಲಿ?”

ಅದುವರೆಗೆ ನನ್ನ ತಲೆಯಲ್ಲಿ ಏನೂ ಇರಲಿಲ್ಲ ಎಂದು ಹೇಳಿದರೆ ಅದೂ ಸುಳ್ಳಾದೀತು. ಏನೋ ಒಂದು ನೆಪ ಹುಡುಕುತ್ತಲೇ ಇದ್ದೆ. ಅವಳೇ ಕೈಗೆ ಕೊಟ್ಟಳು.

“ಅತ್ತಿ, ನಿನಗ ಹೇಳಬಾರದಂತ ಮಾಡಿದ್ದೆ,” ಅಂದೆ. “ಇದು ಮಿಲಿಟರ್ಯಾಗ ಅಡಗಿಮನಿಗೆ ಮಟನ್ ಒಯ್ಯೂ ಗಾಡಿ. ಆ ಕೊಕ್ಕಿಗೆ ಕುರಿ ತೂಗ ಹಾಕತಿದ್ರು.”

ಅವಳು ನನ್ನ ಮುಖ ನೋಡಲಿಲ್ಲ, ಚೀಲ ನೋಡಿದಳು. ನಿಧಾನವಾಗಿ ಅದನ್ನು ಕೊಕ್ಕೆಯಿಂದ ಬಿಡಿಸಿ ಎದೆಗೆ ಅವಚಿಕೊಂಡಳು.

“ನಿಮ್ಮಣ್ಣಗ ಗೊತ್ತೈತೇನು?”

“ಇಲ್ಲ. ಹೇಳಬ್ಯಾಡ. ಪಾಪ, ಮಳಗಾಲಪೂರ್ತಿ ದುಡದಾನ.”

“ತೊಳದರ ಹೋಗೂದಿಲ್ಲೇನು?” ಅಂದಳು. ಈಗ ನನ್ನ ಮುಖ ನೋಡಿದಳು. “ಕುದಿಯೂ ನೀರ ಹಾಕಿ ತೊಳದು, ವಿಭೂತಿ ಹಚ್ಚಿದರ? ಹಲಗಿ ಎಲ್ಲಾ ಹೊಸೂ ಅದಾವಲ್ಲ.”

ಹೋಗತೈತಿ ಎಂದು ನಾನು ಹೇಳಲಿ ಅಂತ ಅವಳು ಕಾಯುತ್ತಿದ್ದಳು. ಇಪ್ಪತ್ತು ವರ್ಷದ ನೇಮದವಳು, ನಾನು ಒಂದು ಮಾತು ಹೇಳಿದ್ದರೆ ಅಷ್ಟಕ್ಕೆ ಒಪ್ಪಿ ಬರುವವಳಿದ್ದಳು. ಮೊದಲನೆಯ ಸುಳ್ಳು ಬಾಯಿ ಜಾರಿ ಬಂತೆಂದು ಬೇಕಾದರೆ ಹೇಳಿಕೊಳ್ಳಬಹುದು. ಎರಡನೆಯದಕ್ಕೆ ಆ ನೆಪವೂ ಇಲ್ಲ.

“ತಳದ ತಗಡ ಹಳೇದ ಐತಿ ಅತ್ತಿ. ನೆತ್ತರ ಸಂದ್ಯಾಗ ಇಳದಿರತೈತಿ. ಎಷ್ಟ ತೊಳದರ ಏನು,” ಅಂದೆ.

ಅವಳು ಕೆಳಗಿಳಿದು ಶೆಡ್ಡಿನ ನಳದ ಕೆಳಗೆ ಚೀಲ ಹಿಡಿದು ತೊಳೆದಳು. ಅಣ್ಣ ಬಂದು ಹೆಂಗೈತಿ ಅಂತ ಕೇಳಿದ. “ಭಾಳ ಛಲೋ ಮಾಡಿ ತಮ್ಮಾ,” ಅಂದಳು. ರೈಲಿನಲ್ಲಿ ಮನೆಗೆ ಬರುವಾಗ ಹಸಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಎರಡು ದಿನ ಬಿಟ್ಟು ಮೊಣಕಾಲು ನೋಯುತ್ತಿದೆ, ತಾನು ಬರುವುದಿಲ್ಲ ಎಂದು ಹೇಳಿದಳು.

ಅಣ್ಣ ನಂಬಲಿಲ್ಲ. ಬೇಡಿಕೊಂಡ, ಸಿಟ್ಟು ಮಾಡಿದ, ಎತ್ತಿಕೊಂಡು ಹೋಗಿ ಕೂರಿಸುತ್ತೇನೆ ಎಂದ. ಅವಳು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತಳು. ಖಾಲಿಯಾದ ಜಾಗಕ್ಕೆ ನನ್ನ ಗೆಳೆಯ ಬರಲಿ ಎಂದೆ. ಅಣ್ಣ ನನ್ನನ್ನೇ ಸ್ವಲ್ಪ ಹೊತ್ತು ನೋಡಿ, “ಬರಲಿ” ಅಂದ.

ಆ ವಾರಪೂರ್ತಿ ಅತ್ತೆ ನಮ್ಮ ಪ್ರವಾಸಕ್ಕೆ ಅಡುಗೆ ಮಾಡಿದಳು. ಕಡಕ ರೊಟ್ಟಿ, ಶೇಂಗಾ ಚಟ್ನಿ, ಕೆಂಪು ಚಟ್ನಿ, ಮಾದ್ಲಿ, ಶೇಂಗಾ ಹೋಳಿಗೆ. ಒಂದೊಂದನ್ನೂ ಎರಡು ಪದರ ಬಟ್ಟೆಯಲ್ಲಿ ಕಟ್ಟಿದಳು. “ಕಟ್ಟಿದ್ದು ಬಿಚ್ಚಿ ಗಾಡಿ ಹೊರಗ ಕುಂತು ಉಣ್ಣರಿ,” ಎಂದು ಮಕ್ಕಳಿಗೆ ಹತ್ತು ಸಲ ಹೇಳಿದಳು. “ಹೊರಗ ಗಾಳಿ ಛಲೋ ಇರತೈತಿ.” ಎಲ್ಲರೂ ಅದನ್ನು ಗಾಳಿಯ ಮಾತೆಂದೇ ತಿಳಿದರು. ನಾನೊಬ್ಬ ತಲೆ ಬಗ್ಗಿಸಿ ವಹಿಯಲ್ಲಿ ಏನೋ ಬರೆಯುತ್ತ ಕೂತೆ.

ಹೊರಡುವ ಹಿಂದಿನ ದಿನ ಸಂಜೆ ಗೆಳೆಯ ಮನೆಗೆ ಬಂದ. ಅವನಿಗೆ ರಜೆ ಮಂಜೂರಾಗಲಿಲ್ಲವಂತೆ. ಬೇಕಾದರೆ ಕ್ಯಾಮೆರಾ ಒಯ್ಯಿ ಎಂದ. ನನಗೆ ಒಯ್ಯುವ ಮನಸ್ಸಾಗಲಿಲ್ಲ. ಅವನು ಹೋದ ಮೇಲೆ ಹಿತ್ತಲ ಬಾಗಿಲಲ್ಲಿ ನಿಂತೆ. ಅತ್ತೆ ಬಟ್ಟೆ ಮಡಚುತ್ತಿದ್ದಳು, ನನ್ನದೇ ಅಂಗಿ. ಆರನೇ ಹಲಗೆ ಈಗ ಅವಳಿಗೆ ಮತ್ತೆ ಖಾಲಿಯಾಗಿತ್ತು. ‘ಸುಳ್ಳ ಹೇಳೀನಿ ಅತ್ತಿ’ ಎಂಬ ಮೂರು ಶಬ್ದ ಸಾಕಿತ್ತು. ಒಂದು ಗಂಟೆಯಲ್ಲಿ ಅವಳು ತಯಾರಾಗುತ್ತಿದ್ದಳು. ಆದರೆ ಯಾಕೆ ಹೇಳಿದೆ ಎಂದು ಕೇಳುತ್ತಿದ್ದಳಲ್ಲ. ಅಣ್ಣ ಕೇಳುತ್ತಿದ್ದ, ವೈನಿ ಕೇಳುತ್ತಿದ್ದಳು. ಮಡಚಿದ ಅಂಗಿಯನ್ನು ಇಸಿದುಕೊಂಡು ಒಳಗೆ ಬಂದೆ. ಮೊದಲು ಅವಳನ್ನು ಗೆಳೆಯನ ಸಲುವಾಗಿ ಬಿಟ್ಟಿದ್ದೆ, ಈಗ ನನ್ನ ಮಾನದ ಸಲುವಾಗಿ ಬಿಟ್ಟೆ. ಇವೆರಡರಲ್ಲಿ ಎರಡನೆಯದೇ ಹೆಚ್ಚು ಹೊಲಸು, ಅದರಲ್ಲಿ ನನಗೆ ಈಗಲೂ ಸಂಶಯವಿಲ್ಲ.

ನಾವು ಐವರೇ ಹೋದೆವು. ಜಾಂಬೋಟಿ ದಾಟಿದ ಮೇಲೆ ಕಾಡು ದಟ್ಟವಾಯಿತು. ಮಕ್ಕಳು ಕಿಟಕಿಗೆ ಅಂಟಿಕೊಂಡು ಕಿರುಚುತ್ತಿದ್ದರು. ಸಾಗವಾನಿ ಹಲಗೆಯ ಮೇಲೆ ಚುರುಮುರಿ ಚೀಲ, ಸೀಮೆಎಣ್ಣೆ ಡಬ್ಬಿ ಇಟ್ಟಿದ್ದೆವು. ಕಣಕುಂಬಿಯಲ್ಲಿ ಗುಡಿಯ ಹತ್ತಿರ ಕಲ್ಲು ಕಟ್ಟಿದ ಒಂದು ಸಣ್ಣ ಕುಂಡ. ಅಲ್ಲಿಂದ ಬೆರಳು ದಪ್ಪದ ನೀರು ಹೊರಡುತ್ತದೆ. “ನಮ್ಮ ಹೊಳಿ ಇಷ್ಟ ಸಣ್ಣದಾ?” ಅಂದಳು ಅಣ್ಣನ ಮಗಳು. ಅಣ್ಣ ಮೆಟ್ಟಿಲ ಮೇಲೆ ಕೂತು ಬಹಳ ಹೊತ್ತು ಆ ನೀರು ನೋಡಿದ. “ಈ ಮೆಟ್ಟಿಲಾ ಇಳಿಯಾಕ ಆಗತಿತ್ತ ಅತ್ತಿಗೆ. ನಾಕ ಅದಾವ, ಅಷ್ಟ,” ಅಂದ. ನಾನು ಒಂದು ಬಾಟಲಿ ತೊಳೆದು ಆ ನೀರು ತುಂಬಿಕೊಂಡೆ. ಏನಾದರೂ ಮಾಡಬೇಕಲ್ಲ.

ಚೋರ್ಲಾ ಘಾಟಿನಲ್ಲಿ ಇಂಜಿನ್ನು ಮೂರು ಸಲ ಕಾಯ್ದು ನಿಂತಿತು, ಸ್ಟೋವು ಗಾಳಿಗೆ ಆರಿತು, ಸೊಂಟದ ಪಟ್ಟಿ ಕಟ್ಟಿ ಮಲಗಿದ್ದರೂ ಅಣ್ಣನ ಮಗ ಹಲಗೆಯಿಂದ ಬಿದ್ದ. ಮದುವೆ ಮನೆಯಲ್ಲಿ ನಾನು ಹೇಳಿ ನಗಿಸುವುದು ಇದನ್ನೇ. ಮೋಡ ಕಾಲ ಕೆಳಗೆ ಇತ್ತಂತೆ, ಕಣಿವೆ ನೀಲಿ ಕಾಣಿಸಿತಂತೆ. ವೈನಿ ಹೇಳುತ್ತಾಳೆ. ನಾನು ಅಲ್ಲೇ ನಿಂತಿದ್ದೆ, ನನಗೆ ನೆನಪಿಲ್ಲ.

ಮನೆಗೆ ಬಂದು ಬಾಟಲಿಯನ್ನು ಅತ್ತೆಯ ಕೈಗೆ ಕೊಡಹೋದೆ. ಅವಳು ಕೈ ಚಾಚಲಿಲ್ಲ. “ಅಲ್ಲೇ ನಳದ ಬಾಜೂಕ ಇಡು,” ಅಂದಳು. ಮರುದಿನ ಬೆಳಿಗ್ಗೆ ಪೂಜೆ ಮುಗಿಸಿ ಬಂದು ಆ ನೀರನ್ನು ಹಿತ್ತಲ ತೆಂಗಿನ ಮರದ ಬುಡಕ್ಕೆ ಸುರಿದಳು. ಹುಟ್ಟಿದಾಗಿನಿಂದ ನೋಡಬೇಕೆಂದಿದ್ದ ನೀರು. ಆ ಗಾಡಿಯಲ್ಲಿ ಬಂದಿತ್ತು ಅಂತ ಅವಳಿಗೆ ಬೇಡವಾಯಿತು. ಖಾಲಿ ಬಾಟಲಿಯನ್ನು ಬೂದಿ ಹಾಕಿ ತಿಕ್ಕಿ ಬೋರಲು ಹಾಕಿದಳು.

ಮುಂದಿನ ವರ್ಷ ಗಾಡಿಯ ಇಂಜಿನ್ನು ಪೂರ್ತಿ ಕೈಕೊಟ್ಟಿತು. ಅಣ್ಣ ಗುಜರಿಗೆ ಹಾಕಿದ, ಆ ಸಾಗವಾನಿ ಹಲಗೆಯನ್ನು ಮಾತ್ರ ಬಿಚ್ಚಿಕೊಂಡು ಬಂದ. ವೈನಿ ಅದನ್ನು ಅಡುಗೆಮನೆಯ ಗೋಡೆಗೆ ಹೊಡೆಸಿ ಉಪ್ಪಿನಕಾಯಿ ಭರಣಿ ಇಡುವ ಜಾಗ ಮಾಡಿಕೊಂಡಳು. ಅತ್ತೆ ಆ ಹಲಗೆಗೆ ಕೈ ಹಚ್ಚುತ್ತಿರಲಿಲ್ಲ. ಉಪ್ಪಿನಕಾಯಿ ಬೇಕಾದರೆ ಮಕ್ಕಳನ್ನು ಕರೆಯುತ್ತಿದ್ದಳು. ಕೈ ಎತ್ತಲು ಆಗುವುದಿಲ್ಲ ಎಂದು ಎಲ್ಲರೂ ತಿಳಿದಿದ್ದರು. ನಾನು ಮದುವೆಯಾದೆ, ಅದೇ ಮನೆಯಲ್ಲೇ ಇದ್ದೆ. ಕಣಕುಂಬಿಗೆ ಬಾಡಿಗೆ ಜೀಪು ಮಾಡಿ ಬೆಳಿಗ್ಗೆ ಹೋಗಿ ಸಂಜೆ ಬರೋಣ ಎಂದು ಎರಡು ಮೂರು ಸಲ ಕರೆದೆ. “ಈಗ್ಯಾಕ, ಬಿಡೋ,” ಅನ್ನುತ್ತಿದ್ದಳು. ಕರೆದೆನಲ್ಲ ಎಂದು ನಾನೂ ಕೈ ತೊಳೆದುಕೊಂಡೆ.

ಆ ಪ್ರವಾಸದ ನಂತರ ಅವಳು ಸೋಮವಾರ ಒಪ್ಪತ್ತು ಹಿಡಿದಿದ್ದಳು. ಆ ದಿನ ಒಂದೇ ಹೊತ್ತು, ಅದೂ ಸಂಜೆ ಒಂದಿಷ್ಟು ಅವಲಕ್ಕಿ. ನಮ್ಮಲ್ಲಿ ಸೋಮವಾರ ಹಿಡಿಯುವವರು ಓಣಿಗೆ ಹತ್ತು ಜನ, ಹೀಗಾಗಿ ಯಾರೂ ಯಾಕೆಂದು ಕೇಳಲಿಲ್ಲ. ಏಳೆಂಟು ವರ್ಷ ನಡೆಯಿತು. ಎಂಬತ್ತರ ದಶಕದ ನಡುವೆ ಒಂದು ಸೋಮವಾರ ಮಧ್ಯಾಹ್ನ ಹಿತ್ತಲಲ್ಲಿ ಜೋಳ ಹಸನು ಮಾಡುತ್ತಿದ್ದವಳು ಕುಂತಲ್ಲೇ ಒರಗಿದಳು. ಡಾಕ್ಟರರು ಬಂದು ನೋಡಿ, ಸಕ್ಕರೆ ಕಾಯಿಲೆ ಇದೆ, ಇನ್ನು ಮೇಲೆ ಉಪವಾಸ ಮಾಡಿದರೆ ಜೀವಕ್ಕೆ ಕುತ್ತು ಎಂದು ಗದರಿ ಹೋದರು.

ಅವಳನ್ನು ಒಪ್ಪಿಸುವ ಕೆಲಸ ನನಗೆ ಬಂತು. ಮರುದಿನ ಮಧ್ಯಾಹ್ನ ಅವಳ ಪಕ್ಕ ಕೂತು ಬೈದೆ. ನನಗೆ ಪ್ರೀತಿಯೂ ಬೈಗಳಾಗಿಯೇ ಬರುತ್ತದೆ. ದೇವರಿಗೆ ನಿನ್ನ ಅವಲಕ್ಕಿಯ ಲೆಕ್ಕ ಬೇಕಾಗಿಲ್ಲ, ಯಾವ ಹರಕೆಗೆ ಈ ಒಪ್ಪತ್ತು ಎಂದೆ.

“ಹರಕಿ ಅಲ್ಲೋ,” ಅಂದಳು. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. “ನಿನಗ ಗೊತ್ತೈತಲ್ಲ. ಆ ಗಾಡಿದು.”

ನಾನು ಎದ್ದು ಬಾಗಿಲು ಮುಂದೆ ಮಾಡಿದೆ.

“ಸಣ್ಣ ಹುಡುಗರು, ನಿಮ್ಮ ವೈನಿ, ನಿಮ್ಮಣ್ಣ, ಎಲ್ಲಾರು ಅದರಾಗ ಉಂಡ್ರು, ಮಲಗಿದ್ರು. ಕೊರಳಾಗ ಲಿಂಗ ಕಟಗೊಂಡ ಕೂಸುಗೋಳು. ಅವರಿಗೆ ಗೊತ್ತಿರಲಿಲ್ಲ, ಅವರದೇನು ತಪ್ಪು? ನನಗ ಗೊತ್ತಿತ್ತು. ಹೇಳಿದ್ರ ನಿಮ್ಮಣ್ಣನ ಮನಸ ಮುರೀತೈತಿ ಅಂತ ಬಾಯಿ ಮುಚಗೊಂಡು ಕಳಿಸಿಕೊಟ್ಟೆ. ಆ ಪಾಪ ನಂದು. ನಾ ಕಳಕೋಬೇಕಲ್ಲ. ಅದಕ್ಕ ಹೊಳಿ ಮೂಲಾನೂ ಬ್ಯಾಡ ಅಂದೆ. ಯಾ ಮಾರಿ ತಗೊಂಡು ಹೋಗಲಿ?”

ಏಳೆಂಟು ವರ್ಷದ ಸೋಮವಾರಗಳು. ನನ್ನ ಸುಳ್ಳಿನಿಂದ ಅವಳು ಕಣಕುಂಬಿ ಕಳೆದುಕೊಂಡಳು, ಅಷ್ಟೇ ಎಂದುಕೊಂಡು ನಾನು ಒಳಗೊಳಗೇ ಸುಡುತ್ತಿದ್ದೆ. ಅವಳು ಆ ಸುಳ್ಳನ್ನು ತನ್ನ ಪಾಪ ಮಾಡಿಕೊಂಡು ಉಪವಾಸ ಬಿದ್ದಿದ್ದಾಳೆ, ನಾನು ಪ್ರತಿ ಸೋಮವಾರ ಅವಳ ಎದುರೇ ಕೂತು ಎರಡೂ ಹೊತ್ತು ಉಂಡಿದ್ದೇನೆ. ಆಗ ಹೇಳಿಬಿಟ್ಟೆ. ಅದು ವೈರ್‌ಲೆಸ್ ಗಾಡಿ, ಆ ಕೊಕ್ಕೆಗಳು ತಂತಿ ತೂಗುಹಾಕುವುದಕ್ಕೆ, ಮಟನ್ ಎಂದಿದ್ದು ಸುಳ್ಳು, ಗೆಳೆಯನಿಗೆ ಜಾಗ ಮಾಡಲು ಹೇಳಿದ ಸುಳ್ಳು. ಒಂದೂ ಬಿಡದೆ ಹೇಳಿದೆ. ಹೇಳುತ್ತಲೇ ಅಳುತ್ತಿದ್ದೆ.

ಅವಳು ಪೂರ್ತಿ ಕೇಳಿದಳು. ಆಮೇಲೆ ಸೆರಗಿನಿಂದ ನನ್ನ ಮುಖ ಒರೆಸಿ, ನಕ್ಕಳು.

“ನನ್ನ ಒಪ್ಪತ್ತ ಬಿಡಸಾಕ ಎಷ್ಟ ದೊಡ್ಡ ಕಥಿ ಕಟ್ಟಿದ್ಯೋ.”

“ಕಥಿ ಅಲ್ಲ ಅತ್ತಿ. ಖರೇ.”

“ಕೊಕ್ಕಿ ನಾ ಕಣ್ಣಿಂದ ನೋಡೀನಿ. ಅವತ್ತ ನಿನ್ನ ಮಾರಿನೂ ನೋಡೀನಿ. ಹೇಳೂ ಮುಂದ ಎಷ್ಟ ಸಂಕಟ ಪಟ್ಟಿ ನೀ. ಸಣ್ಣವ ಇದ್ದಾಗಿಂದ ಸಾಕೀನಿ, ನಿನಗ ಸುಳ್ಳ ಹೇಳಾಕ ಬರೂದಿಲ್ಲ. ಈಗ ನೋಡು, ಹೇಳಾಕ ಹೋಗಿ ಹೆಂಗ ಅಳಾಕ ಹತ್ತೀ.”

ಅತ್ತೆಯ ಸಲುವಾಗಿ ಅಣ್ಣ ಅವತ್ತು ಬೆಳಗಿನ ರೈಲು ಬಿಟ್ಟು ಮನೆಯಲ್ಲೇ ಇದ್ದ, ಅವನ ಹತ್ತಿರ ಹೋದೆ. ಅವನಿಗೂ ಮೊದಲಿನಿಂದ ಎಲ್ಲ ಹೇಳಬೇಕಾಯಿತು. ಅವನು ಬೈಯಲಿಲ್ಲ, ಹೊಡೆದಿದ್ದರೆ ನನಗೆ ಹಗುರಾಗುತ್ತಿತ್ತು. ನೇರ ಒಳಗೆ ಹೋಗಿ ಅತ್ತೆಯ ಮುಂದೆ ನಿಂತು, ತಮ್ಮ ಹೇಳಿದ್ದು ನಿಜ, ಹವಾಲ್ದಾರ ನನ್ನ ಮುಂದೆಯೇ ಹೇಳಿದ್ದ ಎಂದ. ಅತ್ತೆ ಅವನ ಗಲ್ಲ ಸವರಿದಳು. “ನಿನಗೂ ಕಲಿಸಿ ಕಳಿಸ್ಯಾನ? ನಿಮ್ಮಂಥಾ ಹುಡುಗೂರು ಯಾರಿಗಿರತಾರ,” ಅಂದಳು. ಅಣ್ಣ ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡು ನನ್ನ ಕಡೆ ನೋಡದೆ ಸ್ಟೇಷನ್ನಿಗೆ ಹೋದ. ಆರು ತಿಂಗಳು ನನ್ನ ಜೊತೆ ಮಾತಾಡಲಿಲ್ಲ.

ಮುಂದಿನ ಸೋಮವಾರ ಅಡುಗೆಮನೆಯಲ್ಲಿ ಅತ್ತೆ ರೊಟ್ಟಿ ಬಡಿದಳು. ನಾನು ಇವತ್ತು ಉಣ್ಣುವುದಿಲ್ಲ ಎಂದೆ. ದುಡಿಯುವವನು ಉಣ್ಣದಿದ್ದರೆ ಹೇಗೆ ಎಂದು ಅವಳು ತಾಟು ನನ್ನ ಮುಂದೆ ಸರಿಸಿದಳು. ಗೋಡೆಯ ಹಲಗೆಯ ಮೇಲಿಂದ ಉಪ್ಪಿನಕಾಯಿ ತಗೊ ಎಂದಳು. ನಾನು ಭರಣಿ ತೆಗೆದುಕೊಂಡೆ. ಅವಳು ಬಿಸಿ ರೊಟ್ಟಿ ಹಾಕಿ, ತಾನು ತಂಬಿಗೆಯ ನೀರಷ್ಟೇ ಕುಡಿದು, ಎದುರಿಗೆ ಕೂತು, ನಾನು ಉಣ್ಣುವುದನ್ನು ನೋಡಿದಳು.